ಮದುವೆ ಎಂದು ಬರೆದಿದ್ದ ಕ್ಯಾಸೆಟ್ಟು

ಎಲಿಜಬೆತ್ ಮಥಾಯಸ್ ಅಳಲಿಲ್ಲ. 1986ರ ಫೆಬ್ರವರಿಯಲ್ಲಿ, ಮಸ್ಕತ್ತಿನ ರುವಿಯಲ್ಲಿದ್ದ ನಮ್ಮ ಕರಾವಳಿಯ ಜನಕ್ಕೆ, ಎಣ್ಣೆಯ ಬೆಲೆ ಬಿದ್ದದ್ದಕ್ಕಿಂತ ದೊಡ್ಡ ಸುದ್ದಿ ಇದೇ ಆಗಿಹೋಯಿತು. ಊರಲ್ಲಿ ತಾಯಿ ತೀರಿಕೊಂಡ ತಂತಿ ಬಂದ ಸಂಜೆ ಇಗರ್ಜಿಯ ಹೆಂಗಸರು ಜಪಸರ ಹೇಳಲೆಂದು ಅವಳ ಒಂದು ಕೋಣೆಯ ಮನೆಗೆ ಬಂದರು. ಬರುವಾಗಲೇ ಕರ್ಚೀಫು ಕೈಯಲ್ಲಿತ್ತು. ಎಲಿಜಬೆತ್ ಚಾಪೆ ಹಾಸಿದಳು, ಹನ್ನೊಂದು ಜನಕ್ಕೆ ಚಹಾ ಮಾಡಿದಳು, ಸಕ್ಕರೆ ಕಾಯಿಲೆ ಯಾರಿಗಿದೆ ಎಂದು ಕೇಳಿ ಅವರಿಗೆ ಬೇರೆ ಲೋಟದಲ್ಲಿ ಕೊಟ್ಟಳು. "ಕಲ್ಲು ಮಾರಾಯ್ತಿ ಅವಳು, ಶುದ್ಧ ಕಲ್ಲು" ಎಂದು ಮೆಟ್ಟಿಲಿಳಿಯುವಾಗಲೇ ಒಬ್ಬಳು ಹೇಳಿದಳು. ಮನೆ ತಲುಪುವ ತನಕವಾದರೂ ಕಾಯಬಾರದಿತ್ತೇ? ಮಾತು ಒಳಗೆ ಸ್ಪಷ್ಟವಾಗಿ ಕೇಳಿಸಿತು. ಎಲಿಜಬೆತ್ ಲೋಟ ತೊಳೆಯುತ್ತಿದ್ದಳು.

ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಆಡುವ ಮೊದಲು ಅವಳು ಯಾರು, ಎಲ್ಲಿಂದ ಬಂದವಳು ಎಂದಾದರೂ ನೆನಪಿಟ್ಟುಕೊಳ್ಳಬೇಕಲ್ಲ. ಎಲಿಜಬೆತ್ ಉಡುಪಿ ಹತ್ತಿರದ ಶಂಕರಪುರದವಳು, ಮಲ್ಲಿಗೆಯ ಊರಿನವಳು. ಅಪ್ಪ ಬೇಗ ತೀರಿಕೊಂಡ. ತಾಯಿ ಕ್ರಿಸ್ತಿನ್ ಬಾಯಿ ಮನೆ ಸುತ್ತಲಿನ ಗಿಡಗಳ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಾರಿ, ಮಗಳನ್ನೂ ಮಗ ಎಲಿಯಾಸನನ್ನೂ ಸಾಕಿದರು. ಮಗಳ ಬೆರಳು ತನ್ನಂತೆಯೇ ಚುರುಕು ಎಂದು ಅವರಿಗೆ ಅನ್ನಿಸಿತ್ತು. ಆದರೆ ಆ ಬೆರಳು ನಾರು ಕಟ್ಟಬಾರದು ಎಂಬ ಹಟವೂ ಇತ್ತು. ಉಡುಪಿಯ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಎಲಿಜಬೆತ್ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಕಲಿತು, 1979ರಲ್ಲಿ ಮಸ್ಕತ್ತಿಗೆ ಬಂದು, ಎಣ್ಣೆ ಬಾವಿಗಳಿಗೆ ಕೊಳವೆ ಒದಗಿಸುವ ಒಂದು ಕಂಪೆನಿಯಲ್ಲಿ ಸ್ಟೆನೋ ಆದಳು. ಮ್ಯಾನೇಜರ್ ಬೈದರೂ, ಹೊಗಳಿದರೂ, ಗೊರಕೆ ಹೊಡೆದರೂ ಒಂದಕ್ಷರ ತಪ್ಪದೆ ಟೈಪ್ ಮಾಡುತ್ತಾಳೆ ಎಂದು ಆಫೀಸಿನಲ್ಲಿ ಅವಳಿಗೆ ಹೆಸರಿತ್ತು.

ಗಂಡ ಆಸ್ವಾಲ್ಡ್ ರುಸ್ತಾಕಿನ ಕಡೆ ರಸ್ತೆ ಕೆಲಸದ ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್. ಎರಡು ವಾರಕ್ಕೊಮ್ಮೆ ಗುರುವಾರ ಬರುತ್ತಿದ್ದ. ಅವನ ವೀಸಾದಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವ ಅವಕಾಶವಿರಲಿಲ್ಲ. ಎಲಿಜಬೆತ್ ಇಲ್ಲಿದ್ದದ್ದು ತನ್ನ ಕುರ್ಚಿಯ ಬಲದಿಂದ. ಕುರ್ಚಿ ಹೋದರೆ ವೀಸಾ ಹೋಯಿತು. ವೀಸಾ ಹೋದರೆ ಗಂಡ ರುಸ್ತಾಕಿನಲ್ಲಿ, ಹೆಂಡತಿ ಶಂಕರಪುರದಲ್ಲಿ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರು ಎಂದು ಊರಲ್ಲಿ ದಡ್ಡರನ್ನು ಬೈಯುವುದುಂಟು. ಇಲ್ಲಿನ ಕಂಪೆನಿಗಳು ಎಣ್ಣೆ ಬಂದಾಗ ಕಣ್ಣು ಅಗಲಿಸಿಕೊಂಡೇ ಇದ್ದವು. ಆ ವರ್ಷ ಎಣ್ಣೆಯೇ ಕೈಕೊಟ್ಟಿತು. ದಿನಾ ಒಬ್ಬರಲ್ಲ ಒಬ್ಬರು ಫ್ರಿಜ್ಜು ಮಾರುತ್ತಿದ್ದರು. ಅಂಥ ದಿನಗಳಲ್ಲಿ ತಂತಿ ಬಂದದ್ದು. ಮರುದಿನ ಬೆಳಿಗ್ಗೆ ಎಲಿಜಬೆತ್ ರಜೆ ಕೇಳಿದಾಗ ಮ್ಯಾನೇಜರ್ ಕನ್ನಡಕ ಒರೆಸಿಕೊಂಡು, "ಹೋಗಿ, ನಾನು ತಡೆಯುವುದಿಲ್ಲ. ಬರುವಾಗ ಈ ಕುರ್ಚಿ ಇರುತ್ತದೆ ಅಂತ ಮಾತ್ರ ಹೇಳಲಾರೆ" ಎಂದ. ಅದೇ ಹೊತ್ತಿಗೆ ಅವನ ಮೇಜಿನ ಫೋನಿಗೇ ಎಲಿಯಾಸನ ಟ್ರಂಕ್ ಕಾಲ್ ಬಂತು.

"ಲಿಜ್ಜಿ, ಮಾಂಯನ್ನು ಮಣಿಪಾಲದ ಆಸ್ಪತ್ರೆಯ ಐಸಿನಲ್ಲಿ ಎರಡು ದಿನ ಇಡ್ಲಿಕ್ಕೆ ಆಗ್ತದಂತೆ. ನೀನು ಬರುದಾದ್ರೆ ಇಡುವ. ಎಂತ ಮಾಡುವ?"

ಎದುರಿಗೆ ಮ್ಯಾನೇಜರ್ ಕೂತಿದ್ದ. ಲೈನು ಯಾವಾಗ ಕಡಿಯುತ್ತದೋ ಹೇಳಲಾಗದು.

"ಇಡಬೇಡ" ಎಂದಳು ಎಲಿಜಬೆತ್.

ಅಷ್ಟೇ. ಆ ಒಂದು ಮಾತು ಅವಳೊಳಗೆ ಎಲ್ಲೋ ಹೋಗಿ ಕೂತಿತು. ಆಮೇಲೆ ಅವಳು ಊಟ ಮಾಡಿದಳು, ನಿದ್ದೆ ಮಾಡಿದಳು, ವಾರದ ರಜೆಯ ಶುಕ್ರವಾರ ಇಗರ್ಜಿಯ ಪೂಜೆಗೆ ಹೋದಳು. ಏನೂ ಅನ್ನಿಸುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆಯಂತೆ ಇರುತ್ತದಲ್ಲ, ಹಾಗೆ ಇಡೀ ದೇಹ. ಆಸ್ವಾಲ್ಡ್ ಬಂದಾಗ ಪಕ್ಕದಲ್ಲಿ ಕೂತು, "ಒಮ್ಮೆ ಅತ್ತುಬಿಡು ಲಿಜ್ಜಿ, ಹಗುರ ಆಗ್ತದೆ" ಎಂದ. "ಹೂಂ" ಎಂದು ಅವಳು ಅವನ ಅಂಗಿಯ ಗುಂಡಿ ಹೊಲಿಯುವುದನ್ನು ಮುಂದುವರಿಸಿದಳು.

ಮಾರ್ಚಿನಲ್ಲಿ ಎಲಿಯಾಸನ ಕಾಗದ ಬಂತು. ಅಂತ್ಯಕ್ರಿಯೆಯನ್ನು ವಿಡಿಯೊ ಮಾಡಿಸಿದ್ದನಂತೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಕೊಲ್ಲಿಗೆ ಹೋದ ಮಕ್ಕಳಿಗಾಗಿ ಆ ಕಾಲಕ್ಕೆ ನಮ್ಮಲ್ಲಿ ಮದುವೆಯಷ್ಟೇ ಶ್ರದ್ಧೆಯಿಂದ ಸಾವನ್ನೂ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದರು. ಕಾಗದದ ಕೊನೆಗೆ ಅವನು ಬರೆದಿದ್ದ: "ಇರುವುದು ಇದೊಂದೇ ಪ್ರತಿ, ಜೋಪಾನ. ಇಗರ್ಜಿಯಲ್ಲಿ ಫಾದರ್ ನಿನ್ನ ಬಗ್ಗೆ ಮಾತಾಡಿದ್ದಾರೆ. ಅದನ್ನು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ನೀನೇ ಕೇಳು."

ಎಲಿಜಬೆತ್ ಆ ಸಾಲನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಹೆತ್ತವಳ ಮಣ್ಣಿಗೂ ಬಾರದ ಕೊಲ್ಲಿಯ ಮಕ್ಕಳ ಬಗ್ಗೆ ಪಾದ್ರಿಗಳು ಪ್ರವಚನದಲ್ಲಿ ಹೇಳುವುದನ್ನು ಅವಳೇ ಕೇಳಿದವಳು. ಈಗ ಊರೆಲ್ಲ ಕೂತಿರುವಾಗ, ಅಮ್ಮನ ಪೆಟ್ಟಿಗೆಯ ಪಕ್ಕದಲ್ಲೇ, ತನ್ನ ಹೆಸರು ಹಿಡಿದು ಅದನ್ನೇ ಹೇಳಿದ್ದಾರೆ. ಇನ್ನೇನಿರಲು ಸಾಧ್ಯ? ಕೇಳಬೇಕು. ಅಮ್ಮನ ಮುಖ ನೋಡಬೇಕು, ಬೈಗುಳವನ್ನೂ ಕೇಳಬೇಕು. ಅದಾದ ಮೇಲೆ ಈ ಜೋಮು ಬಿಟ್ಟೀತು ಎಂದು ಅವಳಿಗೆ ತೋರಿತು.

ಏಪ್ರಿಲಿನಲ್ಲಿ ರಜೆ ಮುಗಿಸಿ ಬಂದ ನರ್ಸ್ ವಸಂತಿಯ ಕೈಯಲ್ಲಿ ಕ್ಯಾಸೆಟ್ ಬಂತು. ವಿಮಾನ ನಿಲ್ದಾಣದ ತನಕ ಬಂತು ಅನ್ನಬೇಕು. ಹೊರಗಿನಿಂದ ಬರುವ ಪ್ರತಿ ಕ್ಯಾಸೆಟ್ಟನ್ನೂ ಅಲ್ಲಿ ತೆಗೆದಿಟ್ಟು, ಚೀಟಿ ಕೊಟ್ಟು, ಸೆನ್ಸಾರ್ ಕಚೇರಿಗೆ ಕಳಿಸಿ, ಪೂರ್ತಿ ನೋಡಿದ ಮೇಲೆಯೇ ವಾಪಸು ಕೊಡುವುದು ಪದ್ಧತಿ. ವಿಡಿಯೊದವನು ಮದುವೆಗಳನ್ನು ತೆಗೆಯುವವನು. ಅವನ ಬಳಿ ಇದ್ದದ್ದು ಎರಡು ಗುಲಾಬಿಯ ನಡುವೆ 'ಮದುವೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಡಬ್ಬಿಗಳು. ಅದರಲ್ಲೇ ಹಾಕಿಕೊಟ್ಟಿದ್ದ. ಏನಿದು ಎಂದು ಅಧಿಕಾರಿ ಕೇಳಿದಾಗ ವಸಂತಿ ಡಬ್ಬಿ ನೋಡಿ ಮದುವೆ ಅಂದಳು, ಮದುವೆ ಎಂಬ ಚೀಟಿಗೆ ಸಹಿ ಹಾಕಿದಳು.

ಎಲಿಜಬೆತ್ ಮೊದಲ ದಿನವೇ ಹೋಗಿ ಸರಿಪಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಪಾಪ, ವಸಂತಿ ಸುಳ್ಳು ಬರೆಸಿದಳೆಂದಾಗಿ ಅವಳ ಕೆಲಸಕ್ಕೆ ಕುತ್ತು ಬಂದರೆ? ಆ ವರ್ಷ ಎಲ್ಲರಿಗೂ ಹೆದರಿಕೆ ಅದೊಂದೇ. ಕೌಂಟರಿನಲ್ಲಿದ್ದವನು ಯೂಸುಫ್, ತಂದೆ ಕರಾಚಿಯಲ್ಲಿ ವ್ಯಾಪಾರ ಮಾಡಿದ್ದರಿಂದ ಹಿಂದಿ ಚೆನ್ನಾಗಿ ಬರುತ್ತಿದ್ದ ಒಮಾನಿ. "ಯಾರ ಮದುವೆ ಸಿಸ್ಟರ್?" ಎಂದು ಕೇಳಿದ. "ತಮ್ಮನದು" ಎಂದಳು. "ಮಬ್ರೂಕ್" ಎಂದು ಅವನು ಎದೆಯ ಮೇಲೆ ಕೈಯಿಟ್ಟ. ಶುಭವಾಗಲಿ ಎಂದರ್ಥ. "ಶುಕ್ರನ್" ಎಂದು ವಂದನೆ ಹೇಳಿದಳು ಎಲಿಜಬೆತ್. ಮದುವೆಗಳಲ್ಲಿ ಕುಣಿತ, ಕುಡಿತ ಇರುವುದರಿಂದ ಕತ್ತರಿಗೆ ಕೆಲಸ ಜಾಸ್ತಿ, ಅವನ್ನು ಕೊನೆಗೆ ನೋಡುತ್ತೇವೆ, ಮುಂದಿನ ವಾರ ಬನ್ನಿ ಎಂದ. ಮುಂದಿನ ವಾರ ಹೋದಳು. ಅದರ ಮುಂದಿನ ವಾರವೂ ಹೋದಳು. ಪ್ರತಿ ಸಲ ಮಬ್ರೂಕ್, ಪ್ರತಿ ಸಲ ಶುಕ್ರನ್.

ಈ ನಡುವೆ ಅವಳಿಗೆ ಇನ್ನೊಂದು ಟೈಪಿಂಗ್ ಇತ್ತು, ಅದನ್ನು ಹೇಳದಿದ್ದರೆ ಕತೆ ಕುಂಟುತ್ತದೆ. ಜನವರಿಯಿಂದ ಗುರುವಾರ ಮಧ್ಯಾಹ್ನಗಳಲ್ಲಿ ಅವಳು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಮಿಸೆಸ್ ಹಾರ್ಟ್ಲಿ ಎಂಬ ಐರ್ಲೆಂಡಿನ ಮುದುಕಿಯ ಮನೆಗೆ ಹೋಗುತ್ತಿದ್ದಳು. ಇಗರ್ಜಿಯ ಬೋರ್ಡಿನಲ್ಲಿ 'ಟೈಪಿಸ್ಟ್ ಬೇಕು, ತಾಳ್ಮೆ ಇರಬೇಕು' ಎಂದು ಆಕೆಯೇ ಚೀಟಿ ಅಂಟಿಸಿದ್ದಳು. ಅರವತ್ತೆಂಟು ವರ್ಷ, ಬೆನ್ನು ನೆಟ್ಟಗೆ, ಬಿಳಿ ಕೂದಲು. ಒಂದು ಕಾಲದಲ್ಲಿ ಸಿನಿಮಾ ನಟಿ, ಯೂನಾ ಗೆರಟಿ ಎಂದು ಹೆಸರು. ತನ್ನ ಜೀವನಕತೆಯನ್ನು ಹೇಳುತ್ತ ಹೋಗುವುದು, ಎಲಿಜಬೆತ್ ಟೈಪ್ ಮಾಡುತ್ತ ಹೋಗುವುದು. "ಇದನ್ನು ಅಚ್ಚು ಹಾಕುವವರು ಯಾರು ಮೇಡಂ?" ಎಂದು ಎಲಿಜಬೆತ್ ಮೊದಲ ದಿನ ಕೇಳಿದ್ದಳು. "ಯಾರೂ ಇಲ್ಲ" ಎಂದಳು ಯೂನಾ. "ಶುರು ಮಾಡೋಣವೇ?"

ಶುರುವಾದದ್ದು ಕೋಟೆಯಲ್ಲಿ. ಐರ್ಲೆಂಡಿನ ಪಶ್ಚಿಮ ತೀರದ ಕೋಟೆಯಂಥ ಮನೆ, ಕುದುರೆ ಸಾಕುವ ಜಮೀನ್ದಾರ ತಂದೆ, ಸಂಜೆ ಹೊತ್ತು ತಂತಿವಾದ್ಯ ನುಡಿಸುವ ಸುಂದರಿ ತಾಯಿ. ಐದು ವಾರ ಅದೇ ನಡೆಯಿತು. ಎಲಿಜಬೆತ್ ಒಂದಕ್ಷರ ತಪ್ಪದೆ ಟೈಪ್ ಮಾಡಿದಳು. ಆರನೆಯ ವಾರದ ಹೊತ್ತಿಗೆ ಅವಳ ತಾಯಿ ತೀರಿಕೊಂಡಿದ್ದರು. ಆ ಗುರುವಾರವೂ ಅವಳು ಸರಿಯಾದ ಹೊತ್ತಿಗೆ ಬಂದು, ಯಂತ್ರಕ್ಕೆ ಹಾಳೆ ಏರಿಸಿ, ತಂತಿ ಬಂದದ್ದು, ಮ್ಯಾನೇಜರ್ ಅಂದದ್ದು, ತಾನು 'ಇಡಬೇಡ' ಅಂದದ್ದು, ಎಲ್ಲವನ್ನೂ ಆಫೀಸಿನ ವರದಿಯ ಹಾಗೆ ಒಪ್ಪಿಸಿ, "ಎಲ್ಲಿಗೆ ನಿಲ್ಲಿಸಿದ್ದೆವು ಮೇಡಂ?" ಎಂದಳು.

ಯೂನಾ ಎದ್ದು ಯಂತ್ರದ ಹತ್ತಿರ ಬಂದಳು. ಆಮೇಲೆ, "ಆ ಹಾಳೆ ತೆಗೆ. ಹೊಸದು ಹಾಕು. ಇಷ್ಟರವರೆಗಿನದ್ದೆಲ್ಲ ಸ್ಟುಡಿಯೊದವರು ಬರೆದುಕೊಟ್ಟ ಕತೆ" ಎಂದಳು.

ನಿಜದ ಕತೆಯಲ್ಲಿ ಕೋಟೆ ಇರಲಿಲ್ಲ. ಬಂದರಿನ ಬದಿಯಲ್ಲಿ ಎರಡು ಕೋಣೆಯ ಮನೆ. ಅಪ್ಪ ದೋಣಿಯಲ್ಲಿ ಹೋದವನು ಬರಲಿಲ್ಲ. ತಾಯಿ ಮೀನು ಸೀಳುವವಳು. ಎಷ್ಟು ಸೋಪು ಹಾಕಿದರೂ ಅವಳ ಕೈಯ ವಾಸನೆ ಹೋಗುತ್ತಿರಲಿಲ್ಲ. ಯೂನಾ ಹದಿನೇಳಕ್ಕೆ ಡಬ್ಲಿನ್ನಿಗೆ ಹೋಗಿ ಕೈಗವಸಿನ ಅಂಗಡಿಯಲ್ಲಿ ನಿಂತಳು, ಸಂಜೆ ನಾಟಕಕ್ಕೆ ಸೇರಿದಳು. ಅಲ್ಲಿಂದ ಲಂಡನ್, ಎರಡು ಸಿನಿಮಾ. ಯುದ್ಧ ಶುರುವಾದ ಮೇಲೆ ಅಮೆರಿಕ. ಸ್ಟುಡಿಯೊದವರು ಅವಳ ಕಂದು ಕೂದಲಿಗೆ ಕೆಂಪು ಬಳಿದರು. ಐರ್ಲೆಂಡಿನವಳೆಂದರೆ ಕೂದಲು ಕೆಂಪಗಿರಬೇಕಂತೆ. ಸಿನಿಮಾವೋ, ಕಪ್ಪು ಬಿಳುಪು. ಕೋಟೆ, ಕುದುರೆ, ತಂತಿವಾದ್ಯದ ತಾಯಿ, ಎಲ್ಲ ಆಗ ಹುಟ್ಟಿದವು. ಊರಿನಿಂದ ತಾಯಿ ಕಾಗದ ಬರೆಸಿದ್ದಳು: "ಪತ್ರಿಕೆಯಲ್ಲಿ ನಿನ್ನ ಅಮ್ಮ ಏನೋ ವಾದ್ಯ ನುಡಿಸುತ್ತಾಳೆಂದು ಓದಿ ಹೇಳಿದರು. ಸಿಕ್ಕಿದರೆ ಅವಳಿಗೆ ನನ್ನ ನಮಸ್ಕಾರ ತಿಳಿಸು."

"ಇದನ್ನು ಹಾಗೇ ಟೈಪ್ ಮಾಡಲೇ?" ಎಂದಳು ಎಲಿಜಬೆತ್.

"ಹಾಗೇ ಮಾಡು."

ಒಟ್ಟು ಹನ್ನೊಂದು ಸಿನಿಮಾ. ಒಂದರಲ್ಲೂ ನಾಯಕಿಯಲ್ಲ. ನಾಯಕಿಯ ತಂಗಿ, ನರ್ಸು, ಕನ್ಯಾಸ್ತ್ರೀ. ನಾಲ್ಕರಲ್ಲಿ ಸತ್ತಳು. ಆದರೆ ಅವಳಲ್ಲಿ ಒಂದು ವಿದ್ಯೆಯಿತ್ತು. ಅಳು ಎಂದರೆ ಅಳುತ್ತಿದ್ದಳು, ಎಡಗಣ್ಣಿನಿಂದ ಮೊದಲು ಎಂದರೆ ಎಡಗಣ್ಣಿನಿಂದ. ಆ ವಿದ್ಯೆಗೇ ಸ್ಟುಡಿಯೊದವರು ಸಂಬಳ ಕೊಡುತ್ತಿದ್ದದ್ದು. 1943ರಲ್ಲಿ ತಾಯಿ ಸಾಯುವ ದೃಶ್ಯವೊಂದಿತ್ತು. ಮಂಚದ ಮೇಲೆ ಮಲಗಲು ಒಬ್ಬ ಮುದುಕಿಯನ್ನು ಕರೆಸಿದ್ದರು. ಅವಳು ನಡುನಡುವೆ ಎದ್ದು ಬ್ರೆಡ್ಡು ತಿನ್ನುತ್ತಿದ್ದಳು. ಮೂರು ಸಲ ತೆಗೆದರೂ ನಿರ್ದೇಶಕನಿಗೆ ಹಿಡಿಸಲಿಲ್ಲ.

ಇಲ್ಲಿಗೆ ಬಂದಾಗ ಯೂನಾ ಕಿಟಕಿಯ ಕಡೆ ತಿರುಗಿಕೊಂಡು ಹೇಳಿದಳು. "ಅವನ ಜೇಬಿನಲ್ಲಿ ಒಂದು ತಂತಿ ಇತ್ತು. ನನ್ನ ಹೆಸರಿಗೆ ಬೆಳಿಗ್ಗೆಯೇ ಬಂದದ್ದು. ಕೊಟ್ಟಿರಲಿಲ್ಲ. ದೀಪ ಹಾಕಿಸಿದ, ಕ್ಯಾಮೆರಾ ಓಡಿಸಿದ, ಆಮೇಲೆ ಕೊಟ್ಟ. ನನ್ನ ಅಮ್ಮ ಸತ್ತಿದ್ದಳು. ನಾನು ಓದಿದೆ. ಅತ್ತುಬಿಟ್ಟೆ. ಸಾಕು ಎಂದು ಕೈ ಅಡ್ಡ ಹಿಡಿದೆ. ಅಲ್ಲಿ ನಲವತ್ತು ಜನ ಇದ್ದರು. ಯಾರೂ ಕಟ್ ಅನ್ನಲಿಲ್ಲ."

ಎಲಿಜಬೆತ್‌ಳ ಬೆರಳು ನಿಂತವು. "ಅಲ್ಪವಿರಾಮವೇ ಮೇಡಂ, ಪೂರ್ಣವಿರಾಮವೇ?"

"ಪೂರ್ಣವಿರಾಮ" ಎಂದಳು ಯೂನಾ. "ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು."

ಆ ದಿನದ ನಂತರ ಯೂನಾಗೆ ಅಳು ಬರಲಿಲ್ಲ. ಕಣ್ಣಿಗೆ ಗ್ಲಿಸರಿನ್ ಹಾಕಿ ನೋಡಿದರು. ಆದರೆ ಗ್ಲಿಸರಿನ್ ಹಾಕಿಸಿಕೊಂಡು ಅಳುವವರು ಬೇಕಾದಷ್ಟಿದ್ದರು. ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಲಂಡನ್ನಿಗೆ ಬಂದು ಪುಟ್ಟ ಪಾತ್ರಗಳನ್ನು ಮಾಡಿದಳು. ಕಲ್ಲುಮಣ್ಣು ಪರೀಕ್ಷಿಸುವ ಹಾರ್ಟ್ಲಿ ಎಂಬವನನ್ನು ಮದುವೆಯಾದಳು, ಎಣ್ಣೆ ಹುಡುಕುತ್ತ ಅವನು ಒಮಾನಿಗೆ ಬಂದಾಗ ಜೊತೆಗೆ ಬಂದಳು. ಅವನು ಇಲ್ಲೇ ತೀರಿಕೊಂಡ. ಮಣ್ಣು ಮಾಡುವಾಗಲೂ ಅವಳ ಕಣ್ಣು ಒಣಗಿಯೇ ಇತ್ತು. ನಟಿಯಲ್ಲವೇ, ಅಷ್ಟಾದರೂ ನಟಿಸಬಹುದಿತ್ತು ಎಂದು ಅವರ ಜನ ಆಡಿಕೊಂಡರಂತೆ. ಎಲ್ಲ ಕಡೆಯೂ ಮೆಟ್ಟಿಲುಗಳು ಒಂದೇ ಥರ ಎಂದು ಕಾಣುತ್ತದೆ.

ಮೇ ಕೊನೆಗೆ ಎಲಿಜಬೆತ್‌ಳ ಕಂಪೆನಿ ಹನ್ನೆರಡು ಜನಕ್ಕೆ ಕಾಗದ ಕೊಟ್ಟಿತು. ಹನ್ನೆರಡನ್ನೂ ಟೈಪ್ ಮಾಡಿದವಳು ಅವಳೇ. ಹನ್ನೆರಡನೆಯದು ಅವಳದು. ವಿಳಾಸದಲ್ಲಿ ಮಥಾಯಸ್ ಎಂಬ ಹೆಸರಿನ ಅಕ್ಷರ ಸರಿಯಿದೆಯೇ ಎಂದು ಎರಡು ಸಲ ನೋಡಿ, ಸಹಿಗೆ ಕಳಿಸಿದಳು. ಯಾವ ಕುರ್ಚಿಗಾಗಿ ತಾಯಿಯನ್ನು ಕಾಯಿಸಬೇಡ ಅಂದಿದ್ದಳೋ ಆ ಕುರ್ಚಿ ಮೂರೂವರೆ ತಿಂಗಳೂ ಉಳಿಯಲಿಲ್ಲ. ಜೂನ್ ಹದಿನೆಂಟಕ್ಕೆ ಬೊಂಬಾಯಿ ವಿಮಾನ. ಆಸ್ವಾಲ್ಡ್ ಸುದ್ದಿ ಕೇಳಿ ಬಂದು, ಅಡುಗೆ ಕೋಣೆಯಲ್ಲಿ ನಿಂತು, ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತ. ಎಲಿಜಬೆತ್ ಅನ್ನಕ್ಕೆ ನೀರಿಟ್ಟಳು.

"ಕ್ಯಾಸೆಟ್?" ಎಂದ ಅವನು ಆಮೇಲೆ.

"ಹದಿನೆಂಟರೊಳಗೆ ಸಿಗದಿದ್ರೆ ಅಲ್ಲೇ" ಎಂದಳು.

ಜೂನ್ ಹದಿನಾಲ್ಕರ ಶನಿವಾರ ಯೂನಾ ತಾನೇ ಕಾರು ಓಡಿಸಿಕೊಂಡು ಬಂದಳು. ಅವಳ ಮನೆಯನ್ನೂ ಗಂಡನ ಕಂಪೆನಿ ತೆರವು ಮಾಡಿಸುತ್ತಿತ್ತು. ಜುಲೈಯಲ್ಲಿ ಐರ್ಲೆಂಡಿಗೆ, ತಂಗಿಯ ಮನೆಗೆ. ಆ ತಂಗಿ ಟಿವಿಯಲ್ಲಿ ಬಂದ ಅಕ್ಕನ ಸಿನಿಮಾವನ್ನು, ಅದೇ ತಾಯಿ ಸಾಯುವ ಸಿನಿಮಾವನ್ನು, ಕ್ಯಾಸೆಟ್ಟಿಗೆ ಹಾಕಿ ಅಂಚೆಯಲ್ಲಿ ಕಳಿಸಿದ್ದಳು. ಅದೂ ಅದೇ ಕಚೇರಿಯಲ್ಲಿತ್ತು. ಯೂನಾ ಆ ಸಿನಿಮಾವನ್ನು ಜನ್ಮದಲ್ಲಿ ನೋಡಿರಲಿಲ್ಲ. "ಇಬ್ಬರದೂ ತಂದು ನನ್ನ ಮನೆಯಲ್ಲೇ ನೋಡೋಣ. ನಿನ್ನದು ಮೊದಲು" ಎಂದಳು.

ಯೂಸುಫ್ ಯೂನಾಳ ಕ್ಯಾಸೆಟ್ಟನ್ನು ಕೌಂಟರಿನ ಮೇಲಿಟ್ಟ. "ಒಂದು ಮುತ್ತು ಕತ್ತರಿಸಿದ್ದೇವೆ. ತಂತಿ ಓದಿ ಅಳುವವಳು ನೀವೇ ಅಲ್ಲವೇ ಮೇಡಂ? ನಾನೂ ಅತ್ತೆ" ಎಂದ ಹರಕು ಇಂಗ್ಲಿಷಿನಲ್ಲಿ. "ಎಲ್ಲರೂ ಅತ್ತರು" ಎಂದಳು ಯೂನಾ. ಆಮೇಲೆ ಅವನು ಎಲಿಜಬೆತ್ ಕಡೆ ತಿರುಗಿದ. ಆ ದಿನ ಮಬ್ರೂಕ್ ಅನ್ನಲಿಲ್ಲ.

"ಸಿಸ್ಟರ್, ಇದು ಯಾರ ಮದುವೆ?"

ಅವಳು ಚೀಟಿ ಹುಡುಕುತ್ತ ಚೀಲ ತೆರೆದಳು.

"ಹತ್ತು ನಿಮಿಷ ನೋಡಿದೆ. ಬ್ಯಾಂಡು ಇದೆ, ಹೂವು ಇದೆ, ಜನ ಒಳ್ಳೆ ಬಟ್ಟೆ ಹಾಕಿದ್ದಾರೆ. ವಧು ಎಲ್ಲಿ ಅಂತ ನಾನು ಕಾಯುತ್ತಿದ್ದೆ. ಪೆಟ್ಟಿಗೆ ಬಂತು." ಅವನು ಕಣ್ಣೆತ್ತಲಿಲ್ಲ. "ಯಾರು?"

"ಅಮ್ಮ."

ಯೂಸುಫ್ ತುಟಿಯಲ್ಲೇ ಒಂದು ಪ್ರಾರ್ಥನೆ ಹೇಳಿಕೊಂಡ. "ಎರಡು ತಿಂಗಳು ನಾನು ನಿಮಗೆ ಮಬ್ರೂಕ್ ಹೇಳಿದೆನಲ್ಲ ಸಿಸ್ಟರ್. ನೀವು ಶುಕ್ರನ್ ಅಂದಿರಿ." ಎಲಿಜಬೆತ್ ಚೀಟಿ ಮುಂದಿಟ್ಟಳು. ಚೀಟಿಯ ತಪ್ಪನ್ನು ತಾನು ತಿದ್ದಿಕೊಳ್ಳುತ್ತೇನೆ, ಆ ನರ್ಸಿಗೇನೂ ಆಗುವುದಿಲ್ಲ ಎಂದ ಅವನು. ಆದರೆ ಬೇರೊಂದು ತೊಡಕಿತ್ತು. ಕ್ಯಾಸೆಟ್ಟಿನಲ್ಲಿ ಪಾದ್ರಿ ಭಾಷಣ ಮಾಡುತ್ತಾರೆ. ಭಾಷಣವಿದ್ದರೆ ಅದರ ಸಾರಾಂಶವನ್ನು ಫಾರಮಿನಲ್ಲಿ ಬರೆಯಲೇಬೇಕು. ಆ ಭಾಷೆ ಹಿಂದಿಯಲ್ಲ, ಮಲಯಾಳವೂ ಅಲ್ಲ. ಚಹಾ ತರುವ ಕುಂಞಾಲಿಗೂ ತೋರಿಸಿದ್ದಾಯಿತು. ಕೊಂಕಣಿ ಬಲ್ಲವರು ಕಚೇರಿಯಲ್ಲಿ ಒಬ್ಬರೂ ಇಲ್ಲ. ಅನುವಾದಕ್ಕೆ ಕಳಿಸಿದರೆ ಇನ್ನೊಂದು ತಿಂಗಳು.

"ನೀವೇ ಕೂತು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ಈಗಲೇ ಖಲಾಸ್."

"ಹೇಳುತ್ತೇನೆ" ಎಂದಳು ಎಲಿಜಬೆತ್, ಆಫೀಸಿನ ದನಿಯಲ್ಲಿ.

ಒಳಗಿನ ಕೋಣೆಯಲ್ಲಿ ಒಂದು ಟಿವಿ, ವಿಸಿಆರ್, ಮೂರು ಕುರ್ಚಿ. ಗೋಡೆಯುದ್ದಕ್ಕೂ ಬೇರೆಯವರ ಕ್ಯಾಸೆಟ್ಟುಗಳು. ಯೂಸುಫ್ ಫಾರಂ ಹಿಡಿದು ಕೂತ. ಶವಯಾತ್ರೆಯ ಬ್ಯಾಂಡಿನವರು ಬಂದರು. ಮದುವೆಯ ವಿಡಿಯೊದವನು ಮದುವೆಯಲ್ಲಿ ತೆಗೆಯುವ ಹಾಗೆಯೇ ಬಂದವರನ್ನೆಲ್ಲ ಸಾಲಾಗಿ ತೆಗೆದಿದ್ದ. ಎಲಿಯಾಸ್ ಶೇವ್ ಮಾಡಿರಲಿಲ್ಲ. ಆಮೇಲೆ ಅಮ್ಮನ ಮುಖ ಬಂತು. ತಲೆಯ ಸುತ್ತ ಮಲ್ಲಿಗೆ, ಬೆರಳುಗಳಿಗೆ ಸುತ್ತಿದ ಜಪಸರ. ನಾಲ್ಕು ತಿಂಗಳಿಂದ ಎಲಿಜಬೆತ್ ಇದೊಂದಕ್ಕಾಗಿ ಕಾದಿದ್ದಳು. ನೋಡಿದಳು. ಏನೂ ಆಗಲಿಲ್ಲ. ಮಲ್ಲಿಗೆ ಕಟ್ಟಿದವರು ಯಾರೋ, ಗಂಟು ಸರಿಯಾಗಿ ಬಿದ್ದಿಲ್ಲ ಎಂದು ಮಾತ್ರ ಅನ್ನಿಸಿತು.

ಫಾದರ್ ಎದ್ದು ನಿಂತರು. ಎಲಿಜಬೆತ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಬೈಗುಳ ಈಗ ಬರುತ್ತದೆ. ಯೂಸುಫ್ ಒಂದೊಂದು ವಾಕ್ಯಕ್ಕೆ ನಿಲ್ಲಿಸುತ್ತ ಹೋದ, ಅವಳು ಹಿಂದಿಯಲ್ಲಿ ಹೇಳುತ್ತ ಹೋದಳು.

"ಕ್ರಿಸ್ತಿನ್ ಬಾಯಿ ಬುಧವಾರ ನನ್ನನ್ನು ಕರೆಸಿದರು."

ಯೂಸುಫ್ ಬರೆದುಕೊಂಡ.

"ಅವರ ಮಗಳು ಕೊಲ್ಲಿಯಲ್ಲಿದ್ದಾಳೆ. ಅವಳು ಯಾಕೆ ಬರಲಿಲ್ಲ ಎಂದು ಇಲ್ಲಿ ಕೆಲವರು ಮಾತಾಡುತ್ತಿದ್ದಾರೆ. ಅದಕ್ಕಾಗಿ ಇದನ್ನು ಹೇಳುತ್ತಿದ್ದೇನೆ."

ಬರೆದುಕೊಂಡ.

"ಕ್ರಿಸ್ತಿನ್ ಬಾಯಿ ಹೇಳಿದರು, ನಾನು ಸತ್ತ ಮೇಲೆ ಇಡಬೇಡಿ. ಎಲಿಯಾಸ್ ಇಡುತ್ತೇನೆ ಅನ್ನುತ್ತಾನೆ, ಅವನ ಮಾತು ಕೇಳಬೇಡಿ."

ಇಲ್ಲಿ ಎಲಿಜಬೆತ್‌ಳ ದನಿ ಸ್ವಲ್ಪ ಕೆಳಗಿಳಿಯಿತು. ಟಿವಿಯಲ್ಲಿ ಫಾದರ್ ಪೆಟ್ಟಿಗೆಯ ಕಡೆ ನೋಡಿ ಮತ್ತೊಂದು ವಾಕ್ಯ ಹೇಳಿದರು. ಯೂಸುಫ್ ನಿಲ್ಲಿಸಿದ, ಪೆನ್ನು ಹಿಡಿದು ಕಾದ.

"ಲಿಜ್ಜಿಯನ್ನು ಕರೆಸಬೇಡಿ" ಎಂದಳು ಅವಳು. "ಬಂದರೆ ಅವಳ..."

ಅಲ್ಲಿಗೆ ನಿಂತಿತು. ಅವಳು ಎಡಗೈಯನ್ನು ಮುಖಕ್ಕೆ ಅಡ್ಡವಾಗಿ ಎತ್ತಿದಳು, ಬಿಸಿಲಿಗೆ ಹಿಡಿಯುವಂತೆ.

"ಅವಳ?" ಎಂದ ಯೂಸುಫ್ ಮೆಲ್ಲನೆ. ಒಳ್ಳೆಯ ಮನುಷ್ಯ. ಫಾರಂ ತುಂಬುವುದು ಅವನ ಕೆಲಸ. "ಅವಳ ಏನು ಸಿಸ್ಟರ್?"

ಯೂನಾಗೆ ಕೊಂಕಣಿಯೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಆದರೆ ಅಡ್ಡ ಹಿಡಿದ ಆ ಕೈಯನ್ನು ಅವಳು ಕಂಡಳು. ಎದ್ದು ಬಂದು ಅವರಿಬ್ಬರ ನಡುವೆ ನಿಂತಳು. ವಿಸಿಆರಿನ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು.

"ಖಲಾಸ್" ಎಂದಳು ಯೂಸುಫನಿಗೆ. ಹದಿನೇಳು ವರ್ಷ ಒಮಾನಿನಲ್ಲಿದ್ದು ಅವಳು ಕಲಿತ ಕೆಲವೇ ಮಾತುಗಳಲ್ಲಿ ಅದೊಂದು.

ಯೂಸುಫ್ ಅವಳನ್ನು ನೋಡಿದ, ಫಾರಂ ನೋಡಿದ. ಪೆನ್ನು ಜೇಬಿಗಿಟ್ಟು, ಎದ್ದು ಹೊರಗೆ ಹೋಗಿ, ಬಾಗಿಲೆಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತ. ಯೂನಾ ಗೋಡೆಯ ಕಡೆ ತಿರುಗಿ ಕ್ಯಾಸೆಟ್ಟುಗಳ ಸಾಲನ್ನು ನೋಡುತ್ತ ನಿಂತಳು. ಹಿಂದೆ ತಿರುಗಲಿಲ್ಲ.

"ಕೆಲಸ ಹೋಯಿತು ಮಾಂಯ್" ಎಂದಳು ಎಲಿಜಬೆತ್ ಕಪ್ಪು ಪರದೆಗೆ, ಕೊಂಕಣಿಯಲ್ಲಿ. "ಹೋಗಿ ಹದಿನೈದು ದಿನ ಆಯಿತು." ಆಮೇಲೆ ಅತ್ತಳು. ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು, ಚಿಕ್ಕ ಮಕ್ಕಳು ಅಳುವ ಹಾಗೆ ದನಿ ತೆಗೆದು ಅತ್ತಳು. ಎಷ್ಟು ಹೊತ್ತು ಎಂದು ಯಾರೂ ಗಡಿಯಾರ ನೋಡಲಿಲ್ಲ.

ಅವಳು ಮುಖ ತೊಳೆದು ಬಂದಾಗ ಕ್ಯಾಸೆಟ್ ಕೌಂಟರಿನ ಮೇಲಿತ್ತು. ಸಾರಾಂಶದ ಜಾಗದಲ್ಲಿ ಯೂಸುಫ್ ತಾನೇ ಒಂದು ಸಾಲು ಬರೆದಿದ್ದ: ತಾಯಿ ಮಗಳಿಗೆ ಹೇಳಿದ ಮಾತು, ಆಕ್ಷೇಪಣೆ ಇಲ್ಲ. ಯೂನಾ ತನ್ನ ಕ್ಯಾಸೆಟ್ಟನ್ನು ಅಲ್ಲೇ ಮರೆತು ಬಂದಳು. ಅರ್ಧ ದಾರಿಯಲ್ಲಿ ಎಲಿಜಬೆತ್ ನೆನಪಿಸಿದಾಗ, "ಇರಲಿ ಬಿಡು" ಎಂದು ಕಾರು ಓಡಿಸುತ್ತಲೇ ಇದ್ದಳು.

ಹದಿನೆಂಟರಂದು ಆಸ್ವಾಲ್ಡ್ ವಿಮಾನಕ್ಕೆ ಬಿಟ್ಟು ಬಂದ. ರುವಿಯ ಹೆಂಗಸರೂ ಬೀಳ್ಕೊಡಲು ಹೋಗಿದ್ದರು. ಗಂಡ ಅತ್ತ, ವಸಂತಿ ಅತ್ತಳು, ಎಲಿಜಬೆತ್ ಮಾತ್ರ ಚೀಲ ಎದೆಗವಚಿಕೊಂಡು ನೆಟ್ಟಗೆ ನಡೆದು ಹೋದಳು. ಆ ಎಲಿಜಬೆತ್ ಮಥಾಯಸ್ ಕಲ್ಲು, ತಾಯಿ ಸತ್ತಾಗಲೂ ಅಳಲಿಲ್ಲ, ಗಂಡನನ್ನು ಬಿಟ್ಟು ಹೋಗುವಾಗಲೂ ಅಳಲಿಲ್ಲ ಎಂದು ಅಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ. ಅವರ್ಯಾರೂ ನೋಡಲಿಲ್ಲವಲ್ಲ, ಅಷ್ಟು ಸಾಕು.